ಕೊಲ್ಲಿಯ ಮನೆಯ ಸಾಂಬ್ರಾಣಿ

ಸಾಂಬ್ರಾಣಿಯನ್ನು ದೇವರಿಗೆ ಹಾಕಿದ್ದಾರೋ ನೆಂಟರಿಗೆ ಹಾಕಿದ್ದಾರೋ ಅನ್ನೋದು ನನಗೆ ಹೊಸ್ತಿಲಲ್ಲೇ ಗೊತ್ತಾಗಿಬಿಡುತ್ತದೆ. ದೇವರಿಗೆ ಹಾಕಿದ್ದು ಪಟಗಳ ಮುಂದೆ ಒಂದಿಷ್ಟು ಸುಳಿದಾಡಿ ಮೇಲಕ್ಕೆ ಹೋಗುತ್ತದೆ. ನೆಂಟರಿಗೆ ಹಾಕಿದ್ದು ಹಾಗಲ್ಲ. ಅದು ಬಾಗಿಲಲ್ಲೇ ದಟ್ಟವಾಗಿ ನಿಂತಿರುತ್ತದೆ, ಮಂಚದ ಕೆಳಗೆ, ಗೋಡೆಗೆ ನೇತುಹಾಕಿದ ಬಟ್ಟೆಗಳ ಹಿಂದೆ, ಮೂಲೆಮೂಲೆಗೂ ಹೋಗಿ ಕೂತಿರುತ್ತದೆ. ಅದರ ಅಡಿಯಲ್ಲಿ ಇನ್ನೊಂದು ವಾಸನೆ ಉಸಿರು ಬಿಗಿಹಿಡಿದು ಮಲಗಿರುತ್ತದೆ. ಹೋದ ಚಳಿಗಾಲದ ಕೊನೆಯಲ್ಲಿ, ಕಾರವಾರದ ಈಚೆಗಿರುವ ಒಂದು ಸಣ್ಣ ಕೊಲ್ಲಿಯ ದಂಡೆಯಲ್ಲಿ, ಮೀನು ಒಣಗಿಸುವವರ ಮನೆಯೊಂದರ ಹೊಸ್ತಿಲ ಮೇಲೆ ನಾನು ಅಂಥ ಸಾಂಬ್ರಾಣಿಗೆ ಎದುರಾದೆ. ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ನೂರಾರು ಮೈಲಿ ದೂರದ ಶಿಡ್ಲಘಟ್ಟದಲ್ಲಿ, ಈಗ ಇಲ್ಲವೇ ಇಲ್ಲದ ನಮ್ಮ ಮನೆಯ ಬಾಗಿಲು ಆ ಹೊಗೆಯಲ್ಲಿ ತೆರೆದುಕೊಂಡಿತ್ತು.

ನಾನು ಆ ಮನೆಗೆ ಹೋಗಿದ್ದು ಬೇಡ ಅನ್ನೋದಕ್ಕೆ. ನನ್ನ ಮಗಳು ಚೈತ್ರ ಆ ಕಡೆಯ ಒಂದು ಆಸ್ಪತ್ರೆಯಲ್ಲಿ ನರ್ಸು. ಅಲ್ಲೇ ರಕ್ತ ಪರೀಕ್ಷೆ ಮಾಡುವ ಗಣಪತಿ ಅನ್ನೋ ಹುಡುಗನನ್ನು ಮದುವೆಯಾಗ್ತೀನಿ ಅಂದಳು. ಹುಡುಗನಿಗೆ ತಂದೆ ಇಲ್ಲ, ತಾಯಿ ನಾಗವೇಣಿ ಬೋಟುಗಳು ಬಂದು ನಿಲ್ಲುವ ಧಕ್ಕೆಯಲ್ಲಿ ಮೀನು ಕೊಂಡು ಒಣಗಿಸಿ ಮಾರಿ ಮಗನನ್ನು ಓದಿಸಿದವರು. ಇಷ್ಟು ಕೇಳಿದ್ದೇ ನನ್ನ ಮುಖ ಗಂಟಾಯಿತು. ಹೆಂಡತಿ, "ಮೊದ್ಲು ನೀವು ನೋಡ್ಕೊಂಡು ಬನ್ನಿ, ಆಮೇಲೆ ಕೂಗಾಡಿ" ಅಂದಳು. ಮಂಡಿಕಲ್ಲಿಗೆ ಕೊಟ್ಟಿರುವ ನಮ್ಮ ಸಾವಿತ್ರಕ್ಕ, ಯಾರೂ ಕರೆಯದೆ ಚೀಲ ಹಿಡಿದು ಬಂದು ನಿಂತಳು. "ಮನೆಗೆ ದೊಡ್ಡೋಳು ನಾನು, ನಾನಿಲ್ದೆ ಯಾವ ಮಾತುಕತೇನೋ?" ನನ್ನ ಇಸ್ತ್ರಿ ಮಾಡಿದ ಬಿಳಿ ಶರ್ಟು ನೋಡಿ ದಾರಿಯುದ್ದಕ್ಕೂ ನಕ್ಕಳು. "ಸಮುದ್ರಕ್ಕೂ ಇಸ್ತ್ರಿ ಬೇಕೇನಪ್ಪಾ ನಿಂಗೆ?"

ನಮ್ಮ ಊರಿನ ಆ ರೇಷ್ಮೆ ಬೀದಿಯನ್ನು ಬಲ್ಲವರು ನಿಮ್ಮಲ್ಲಿ ಇನ್ನೂ ಕೆಲವರಾದರೂ ಇದ್ದೀರಿ. ಬೆಳಕು ಹರಿಯುವ ಮೊದಲೇ ಮನೆಮನೆಯ ಹಿಂದಿನಿಂದ ಹೊಗೆ ಏಳುತ್ತಿತ್ತು. ಕಡಲೆಕಾಯಿ ಸಿಪ್ಪೆ, ಹಿಪ್ಪುನೇರಳೆ ಕಡ್ಡಿ, ಹುಣಸೆ ಸೌದೆ ಉರಿದು, ಗೂಡು ಬೇಯಿಸುವ ಬೇಸಿನ್ನಿನ ನೀರು ಕುದಿಯೋಕೆ ಶುರುವಾದರೆ ಬೀದಿಗೆ ಬೆಳಗಾಯಿತು ಅಂತ ಅರ್ಥ. ನಮ್ಮದೂ ರೀಲರ್ ಮನೆ. ಅಪ್ಪ ಮಾರುಕಟ್ಟೆಯಿಂದ ಗೂಡು ತರುತ್ತಿದ್ದರು, ಅಮ್ಮ ಬೇಸಿನ್ನಿನ ಮುಂದೆ ಕೂತು ನೂಲು ತೆಗೆಯುತ್ತಿದ್ದಳು. ಬಂಗಾರದ ಬಣ್ಣದ ಗೂಡುಗಳು ಕುದಿನೀರಿನಲ್ಲಿ ಕುಣಿಯುತ್ತಿದ್ದವು. ಅಮ್ಮ ಪೊರಕೆ ಕಡ್ಡಿಯಲ್ಲಿ ಅವನ್ನು ತಟ್ಟಿ ತಟ್ಟಿ ಎಳೆ ಎಬ್ಬಿಸಿ, ಕಣ್ಣಿಗೆ ಕಾಣದ ಆ ಎಳೆಗಳನ್ನು ಬರಿಗೈಯಲ್ಲಿ ಕೂಡಿಸಿ ಚರಕಕ್ಕೆ ಕೊಡುತ್ತಿದ್ದಳು. ಚರಕ ತಿರುಗಿಸುತ್ತಿದ್ದುದು ಒಂದು ದಿನ ಅಕ್ಕ, ಒಂದು ದಿನ ನಾನು. ಗರಗರ ಅನ್ನೋ ಆ ಮರದ ಸದ್ದಿಗೆ ನಿದ್ದೆ ಬಂದಂತಾಗುತ್ತಿತ್ತು. ಆಗ ಅಮ್ಮ ಬೇಸಿನ್ನಿನಿಂದ ಒಂದು ಹನಿ ಬಿಸಿನೀರು ಚಿಮುಕಿಸಿ, "ಏಮ್ರಾ, ಎಳೆ ಹೋಯ್ತು ನೋಡು" ಅನ್ನುತ್ತಿದ್ದಳು. ನಮ್ಮದು ಅರ್ಧ ತೆಲುಗು, ಅರ್ಧ ಕನ್ನಡದ ಮನೆ. ಬೈಯೋದು ಕನ್ನಡದಲ್ಲಿ, ಸಮಾಧಾನ ತೆಲುಗಿನಲ್ಲಿ.

ನೂಲು ಲಡಿಯಾಗಿ ಹೋದ ಮೇಲೆ ಬೇಸಿನ್ನಿನಲ್ಲಿ ಉಳಿಯುತ್ತಿದ್ದುದು ಬೆಂದ ಹುಳ. ಅದನ್ನು ಸೋಸಿ ಹಿತ್ತಲಲ್ಲಿ ಹರವಿ ಒಣಗಿಸುತ್ತಿದ್ದೆವು, ಕೋಳಿ ಮೇವಿಗೆ, ಮೀನಿನ ಮೇವಿಗೆ ಅಂತ ಯಾರೋ ಬಂದು ಮೂಟೆ ಕಟ್ಟಿಕೊಂಡು ಹೋಗುತ್ತಿದ್ದರು. ಆ ವಾಸನೆಯನ್ನು ಬರವಣಿಗೆಯಲ್ಲಿ ಹೇಳೋದು ಕಷ್ಟ. ಬೇಯಿಸಿದ ಕಡಲೆಕಾಯಿ ಹಳಸಿ, ಅದರ ಮೇಲೆ ಎಣ್ಣೆ ಕಮಟು ಹತ್ತಿ, ಬಿಸಿಲಿಗೆ ಇಟ್ಟ ಹಾಗೆ. ಅದು ಗೋಡೆಯ ಸುಣ್ಣಕ್ಕೆ ಇಳಿದಿತ್ತು, ಅಕ್ಕಿಯ ಡಬ್ಬಿಗೆ ಇಳಿದಿತ್ತು, ನನ್ನ ಸ್ಕೂಲಿನ ಚೀಲಕ್ಕೂ ಇಳಿದಿತ್ತು. ಬೀದಿಯ ಮಕ್ಕಳೆಲ್ಲ ಹೀಗೇ ನಾರುತ್ತಿದ್ದರೂ ಸ್ಕೂಲಿಗೆ ಬರುತ್ತಿದ್ದವರೆಲ್ಲ ನಮ್ಮ ಬೀದಿಯವರಾಗಿರಲಿಲ್ಲ. ಮೇಷ್ಟ್ರು ನನ್ನನ್ನು ಕಿಟಕಿಯ ಪಕ್ಕ ಕೂರಿಸಿದರು. ಗಾಳಿ ಬರ್ತದೆ ಕಣೋ, ಒಳ್ಳೇ ಜಾಗ ಅಂದರು. ಏಳನೇ ಕ್ಲಾಸಾದ ಮೇಲೆ ನಾನು ಆ ಒಳ್ಳೇ ಜಾಗ ಬಿಟ್ಟು ಚರಕದ ಹತ್ತಿರವೇ ಉಳಿದೆ. ಮನೆ ಕಷ್ಟಕ್ಕೆ ಸ್ಕೂಲು ಬಿಟ್ಟೆ ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಸುಳ್ಳೇನಲ್ಲ. ಕಿಟಕಿಯ ಮಾತನ್ನು ಮಾತ್ರ ಬಿಟ್ಟು ಹೇಳುತ್ತಿದ್ದೆ.

ಅಮ್ಮನ ಬೆರಳುಗಳು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿವೆ. ತುದಿಗಳು ಬಿಳಿಚಿಕೊಂಡು, ಹೊತ್ತು ಮುಳುಗಿದ ಮೇಲೂ ನೆನೆದ ಹಾಗೇ ಸುಕ್ಕಾಗಿರುತ್ತಿದ್ದವು. ಉಗುರಿನ ಸುತ್ತ ಚರ್ಮ ಬಿರಿದಿರುತ್ತಿತ್ತು. ಉಂಡಾದ ಮೇಲೆ ಹರಳೆಣ್ಣೆ ಸವರಿಕೊಂಡು ಕೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ಕೂರುತ್ತಿದ್ದಳು, ಯಾರೋ ಬಂದು ಅದರಲ್ಲಿ ಏನೋ ಹಾಕಲಿ ಅಂತ ಕಾಯುತ್ತಿರುವವಳ ಹಾಗೆ. ನೆಂಟರು ಬಂದರೆ ಆ ಕೈಗಳು ಸೆರಗಿನೊಳಗೆ ಹೋಗಿಬಿಡುತ್ತಿದ್ದವು. ಕಾಫಿ ತಂದುಕೊಡಲು ಅಕ್ಕನನ್ನೇ ಕರೆಯುತ್ತಿದ್ದಳು.

ಅಕ್ಕನನ್ನು ನೋಡೋದಕ್ಕೆ ಚಿಂತಾಮಣಿಯಿಂದ ಬಟ್ಟೆ ಅಂಗಡಿಯವರು ಬರುತ್ತಾರೆ ಅಂತ ಗೊತ್ತಾದ ದಿನ ಅಮ್ಮ ಒಲೆ ಆರಿಸಿದಳು. ನಮ್ಮ ಮನೆಯಲ್ಲಿ ಒಲೆ ಆರಿದ್ದನ್ನು ನಾನು ಹಬ್ಬಕ್ಕೂ ನೋಡಿರಲಿಲ್ಲ. ಬೇಸಿನ್ನು ಬರಿದು ಮಾಡಿ ಹುಣಸೆಹಣ್ಣು ಹಾಕಿ ಉಜ್ಜಿದಳು. ಹಿತ್ತಲಿನ ಹುಳವನ್ನೆಲ್ಲ ಹಸಿಯೋ ಒಣಗಿದ್ದೋ ನೋಡದೆ ಮೂಟೆ ಕಟ್ಟಿಸಿ ಸಾಗಹಾಕಿದಳು. ನೆಲ ತೊಳೆದಳು, ಗೋಡೆ ತೊಳೆದಳು. ಆಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿದಳು. ಒಳಗಿದ್ದವರಿಗೆ ಆ ವಾಸನೆ ತಿಳಿಯುವುದಿಲ್ಲ ಅನ್ನೋದು ಅವಳಿಗೆ ಗೊತ್ತಿತ್ತು. ಅದಕ್ಕೇ ನನಗೊಂದು ಕೆಲಸ ಕೊಟ್ಟಳು. ನಾನು ಬೀದಿ ದಾಟಿ, ಬಸ್ಸು ನಿಲ್ಲುವ ಕಡೆಗೆ ಹೋಗಿ, ಅಲ್ಲಿ ಚೆನ್ನಾಗಿ ಉಸಿರು ಎಳೆದುಕೊಂಡು, ಓಡಿ ಬಂದು ಬಾಗಿಲಲ್ಲಿ ನಿಂತು ಮೂಸಿ ನೋಡಿ ಹೇಳಬೇಕು. ಬೀದಿಯಲ್ಲಿ ಬೇರೆ ಮನೆಗಳವರೂ ನೆಂಟರು ಬರುವ ದಿನ ಹೀಗೇ ಮಕ್ಕಳನ್ನು ಓಡಿಸುತ್ತಿದ್ದರು. ನನಗದು ದೊಡ್ಡ ಹೆಮ್ಮೆಯ ಕೆಲಸ. ಓಡಿ ಬಂದು ಬಾಗಿಲಲ್ಲಿ ನಿಂತು ಮೂಗು ಅರಳಿಸಿ, "ಇನ್ನೂ ಬರ್ತಿದೆ ಅಮ್ಮ" ಅನ್ನುತ್ತಿದ್ದೆ. ಅವಳು ಇನ್ನೊಂದು ಹಿಡಿ ಸಾಂಬ್ರಾಣಿ ಹಾಕಿ, "ಈಗ ಹೋಗಿ ಬಾರಪ್ಪ" ಅನ್ನುತ್ತಿದ್ದಳು. ನಾನು ಮತ್ತೆ ಓಡುತ್ತಿದ್ದೆ, ಮತ್ತೆ ಬಂದು, "ಬರ್ತಿದೆ" ಅನ್ನುತ್ತಿದ್ದೆ. ನಾನು ಹೇಳುತ್ತಿದ್ದುದು ನಿಜವೇ.

ಬಂದವರಲ್ಲಿ ಗಂಡಿನ ತಾಯಿ ಉಟ್ಟಿದ್ದು ರೇಷ್ಮೆ ಸೀರೆ. ಆಕೆ ಚಾಪೆಯ ತುದಿಯಲ್ಲಿ ಕೂತು ಅದೇ ರೇಷ್ಮೆಯ ಸೆರಗನ್ನು ಮೂಗಿಗೆ ಹಿಡಿದುಕೊಂಡರು. ಅಮ್ಮ ನಗುತ್ತಾ, "ನಮ್ಮನೇದಲ್ಲಮ್ಮ ಅದು, ಪಕ್ಕದ ಮನೇದು. ಗಾಳಿ ಈ ಕಡೆ ತಿರುಗಿಬಿಟ್ಟಿದೆ" ಅಂದಳು. ಪಕ್ಕದ ಮನೆಯವರು ಅವರ ನೆಂಟರಿಗೆ ನಮ್ಮ ಮನೆ ತೋರಿಸುತ್ತಿದ್ದರು, ಅದು ಬೀದಿಯ ರೂಢಿ, ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಅಕ್ಕ ತಂದ ಕಾಫಿ ಲೋಟದಲ್ಲೇ ಕೆನೆ ಕಟ್ಟಿತು. ಹೊರಡುವಾಗ ಆಕೆ ಜಗುಲಿಯಲ್ಲಿ ಗಂಡನಿಗೆ ಹೇಳಿದ್ದು ನಮಗೆಲ್ಲ ಕೇಳಿಸಿತು. "ಹುಡುಗಿ ಲಕ್ಷಣವಾಗವ್ಳೆ. ಆದ್ರೆ ನಾಳೆ ಬೀಗರ ಮನೆ ಅಂತ ಇಲ್ಲಿ ಉಣ್ಣೋಕಾಗತ್ತಾ?" ಅವರಿಂದ ಮತ್ತೆ ಸುದ್ದಿ ಬರಲಿಲ್ಲ. ಅಕ್ಕ ಆ ಸಂಜೆಯೇ ಚರಕಕ್ಕೆ ಕೂತಳು. ಅಮ್ಮ ಅವಳ ತಲೆ ಸವರಿ, "ಪೋನೀಲೇ ಅಮ್ಮ, ಪೋನೀಲೇ" ಅಂದಳು. ಹೋಗಲಿ ಬಿಡು ಅಂತ. ಅಷ್ಟೇ. ಆಮೇಲೆ ಮಂಡಿಕಲ್ಲಿನ ತೋಟದವರು ಅಕ್ಕನನ್ನು ತಂದುಕೊಂಡರು. ದನದ ಕೊಟ್ಟಿಗೆಯ ಪಕ್ಕದಲ್ಲೇ ಮಲಗುವ ಜನ, ವಾಸನೆಯ ಮಾತನ್ನೇ ಎತ್ತಲಿಲ್ಲ.

ಆಮೇಲೆ ನಾನು ಮೋಟರ್ ವೈಂಡಿಂಗ್ ಕಲಿತೆ. ಸುಟ್ಟುಹೋದ ಬೋರ್‌ವೆಲ್ ಮೋಟರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವ ಕೆಲಸ. ಎಳೆ ಹದವಾಗಿ ಎಳೆಯೋದು, ತುಂಡಾಗದ ಹಾಗೆ ಸುತ್ತೋದು ಕೈಗೆ ಮೊದಲೇ ಬಂದಿತ್ತು. ಸ್ವಂತ ಅಂಗಡಿ ಹಾಕಿದೆ, ಸ್ವಂತ ಮನೆ ಕಟ್ಟಿದೆ, ಯಾರ ಹತ್ತಿರವೂ ತಲೆ ತಗ್ಗಿಸಲಿಲ್ಲ. ಆಟೊಮ್ಯಾಟಿಕ್ ಯಂತ್ರಗಳು ಬಂದು ಚರಕಗಳು ಮೂಲೆ ಸೇರಿದವು, ಅಪ್ಪ ಅಮ್ಮ ಇಬ್ಬರೂ ಹೋದರು, ಹಳೇ ಮನೆ ಮಾರಿದೆ. ಹೊಸ ಮನೆಯಲ್ಲಿ ಹುಳದ ಮಾತೇ ಬರಲಿಲ್ಲ. ಬಂದದ್ದು ರೇಷ್ಮೆಯ ಮಾತು. ಗಿರಾಕಿಗಳ ಹತ್ತಿರ, ಮಗಳ ಸ್ಕೂಲಿನಲ್ಲಿ, ಮದುವೆ ಮನೆಗಳಲ್ಲಿ, "ನಮ್ಮದು ರೇಷ್ಮೆ ಮನೆತನ" ಅಂತ ಹೇಳುವಾಗ ನನ್ನ ಎದೆ ಒಂದು ಸುತ್ತು ದೊಡ್ಡದಾಗುತ್ತಿತ್ತು. ಚೈತ್ರ ಅದನ್ನೇ ಕೇಳುತ್ತಾ ಬೆಳೆದಳು. ಅವಳ ಕಣ್ಣಿಗೆ ಅವಳ ಅಜ್ಜಿ, ಬಂಗಾರದ ನೂಲಿನ ಲಡಿಗಳ ನಡುವೆ ಪೀಠದ ಮೇಲೆ ಕೂತವಳು.

ಆ ಕೊಲ್ಲಿ ಹೇಗಿತ್ತು ಅಂತ ಹೇಳಬೇಕು. ಸಮುದ್ರ ಅಂದರೆ ಅಬ್ಬರ, ಛತ್ರಿ, ಚುರುಮುರಿ ಗಾಡಿ, ಒಂಟೆ ಅಂತ ನಾನು ಅಂದುಕೊಂಡಿದ್ದೆ. ಅಲ್ಲಿ ಅದೇನೂ ಇರಲಿಲ್ಲ. ಎರಡೂ ಕಡೆ ಗುಡ್ಡ ತೋಳು ಚಾಚಿ ನೀರನ್ನು ಅಪ್ಪಿಕೊಂಡಿತ್ತು. ನಮ್ಮ ಕಡೆ ಕೆರೆ ತುಂಬಿ ಕೋಡಿ ಬೀಳುವ ಮೊದಲಿನ ದಿನ ಹೇಗೆ ತೆಪ್ಪಗಿರುತ್ತದೋ ಹಾಗಿತ್ತು ನೀರು. ಮರಳಿನ ಮೇಲೆ ಏಡಿ ಓಡಿದ ಗೆರೆಗಳು, ಮಗುಚಿ ಹಾಕಿದ ದೋಣಿ, ಅದರ ನೆರಳಲ್ಲಿ ಒಂದು ನಾಯಿ. ಒಂದು ಬೋರ್ಡಿಲ್ಲ, ಒಂದು ಅಂಗಡಿಯಿಲ್ಲ. ಕೊಲ್ಲಿಯ ಒಂದು ಮಗ್ಗುಲಲ್ಲಿ ಮಾತ್ರ ಧಕ್ಕೆ. ಅಲ್ಲಿ ಬಣ್ಣಬಣ್ಣದ ಬೋಟುಗಳು ಒಂದಕ್ಕೊಂದು ಉಜ್ಜಿಕೊಂಡು ನಿಂತಿದ್ದವು, ಐಸು ಒಡೆಯುವ ಸದ್ದು, ಬುಟ್ಟಿ ಹೊತ್ತ ಹೆಂಗಸರ ಕೂಗು, ಮೇಲೆ ಸುತ್ತುವ ಹದ್ದುಗಳು. ಧಕ್ಕೆಯಿಂದ ಮನೆಗಳ ಕಡೆಗೆ ಹೋಗುವ ದಾರಿಯ ಎರಡೂ ಪಕ್ಕ ಬಲೆ ಹಾಸಿ ಮೀನು ಹರವಿದ್ದರು. ಬಂಗುಡೆ, ಸಿಗಡಿ, ಇನ್ನೂ ಹೆಸರು ಗೊತ್ತಿಲ್ಲದ ಎಷ್ಟೋ, ಬಿಸಿಲಿಗೆ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಆ ವಾಸನೆ ಮುಖಕ್ಕೆ ಹೊಡೆದದ್ದೇ ನಾನು ಜೇಬಿನಿಂದ ಕರ್ಚೀಫು ತೆಗೆದು ಮೂಗಿಗೆ ಹಿಡಿದೆ.

ನಮ್ಮನ್ನು ಬಸ್ಸಿನಿಂದ ಇಳಿಸಿಕೊಂಡು ಜೊತೆಗೆ ಬರುತ್ತಿದ್ದ ಚೈತ್ರ ಹಲ್ಲು ಕಚ್ಚಿಕೊಂಡು, "ಅಪ್ಪ, ಪ್ಲೀಸ್, ಮುಖ ಸ್ವಲ್ಪ ಸರಿ ಇಟ್ಕೊ" ಅಂದಳು. ನಾನು ಕೇಳಿಸದವನ ಹಾಗೆ ನಡೆದೆ. ಅಕ್ಕ ನನ್ನ ಮೊಣಕೈ ಹಿಡಿದು ಜಗ್ಗಿದಳು. "ಇಳಿಸೋ ಅದನ್ನ. ಗೂಡು ಬೇಯಿಸಿದ ಮನೆ ಮೂಗು ಕಣೋ ಅದು, ಏನೂ ಆಗಲ್ಲ." ನಾನು ಇಳಿಸುವಷ್ಟರಲ್ಲಿ ದಾರಿಯ ತಿರುವಿನಲ್ಲಿ ಗಣಪತಿಯ ತಾಯಿ ನಿಂತಿದ್ದರು. ನಮ್ಮನ್ನು ಎದುರುಗೊಳ್ಳಲು ಅಲ್ಲಿಯವರೆಗೆ ಬಂದಿದ್ದರು. ಮಡಿಕೆ ಬಿಚ್ಚಿದ ಗುರುತು ಹಾಗೇ ಇರುವ ಸೀರೆ, ತಲೆಗೆ ಹೂವು. ಕರ್ಚೀಫನ್ನು ಅವರು ನೋಡಿದರು, ನೋಡಿದ್ದನ್ನು ನಾನೂ ನೋಡಿದೆ. ಆಕೆ ನಕ್ಕು ಹೇಳಿದರು, "ಬನ್ನಿ ಬನ್ನಿ, ದೂರದಿಂದ ಬಂದದ್ದು ನೀವು. ನಾವು ಇವತ್ತು ಮೀನು ಹಾಕ್ಲೇ ಇಲ್ಲ. ಇದೆಲ್ಲ ಆಚೆಮನೆಯವರದ್ದು. ಗಾಳಿ ಈ ಬದಿಗೆ ತಿರುಗಿತು ನೋಡಿ."

ಅಕ್ಕ ನನ್ನ ಮೊಣಕೈ ಬಿಟ್ಟಳು. ನನ್ನ ಮುಖ ನೋಡಲಿಲ್ಲ. ಆಮೇಲೆ ಬಂದದ್ದು ಆ ಹೊಸ್ತಿಲು, ಆ ಸಾಂಬ್ರಾಣಿ. ಒಳಗೆ ಎಲ್ಲ ತೊಳೆದು ಒರೆಸಿ ಇಟ್ಟಿದ್ದರು. ಮೀನಿನ ಬುಟ್ಟಿಗಳು, ಉಪ್ಪಿನ ಮೂಟೆಗಳು ಇದ್ದ ಜಾಗದಲ್ಲಿ ಗೋಡೆಗೆ ಬಿಳಿಯ ಗೆರೆ ಉಳಿದಿತ್ತು. ಅವನ್ನೆಲ್ಲ ಎಲ್ಲಿಗೋ ಸಾಗಿಸಿದ್ದರು. ಗಣಪತಿ ಬಾಗಿಲಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ, ಈಗತಾನೆ ಎಲ್ಲಿಂದಲೋ ಓಡಿ ಬಂದವನ ಹಾಗೆ. ನಾಗವೇಣಿಯವರು ನಮ್ಮನ್ನು ಕೂರಿಸಿ ತಾವು ನಿಂತೇ ಇದ್ದರು. ಚಾ ತಂದುಕೊಟ್ಟವನು ಮಗ. ಅವರ ಕೈಗಳು ಸೆರಗಿನೊಳಗಿದ್ದವು. ಲೋಟ ಸರಿಸಿಡಲು ಒಮ್ಮೆ ಹೊರಗೆ ಬಂದಾಗ ಕಂಡೆ. ಉಪ್ಪು ಕೊರೆದ ಬೆರಳುಗಳು, ತುದಿ ಬಿಳಿಚಿ, ಉಗುರಿನ ಸುತ್ತ ಬಿರಿದಿದ್ದವು.

"ಚೈತ್ರ ಹೇಳಿದ್ಳು, ನಿಮ್ಮದು ರೇಷ್ಮೆ ಮನೆತನ ಅಂತೆ" ಅಂದರು ಅವರು. "ನಮ್ಮದು ಹೀಗೇ. ಎಷ್ಟು ತೊಳೆದ್ರೂ ಹೋಗುದಿಲ್ಲ. ನಿಮಗೆ ಕಷ್ಟ ಆಯ್ತೇನೋ." ಆ ಮಾತಿಗೆ ನಾನು ನೆಲ ನೋಡಿದೆ. ನನ್ನ ಬಾಯಿಂದ ಹೊರಟ ರೇಷ್ಮೆ, ಮಗಳ ಬಾಯಿ ದಾಟಿ, ಘಟ್ಟ ಇಳಿದು ಇಲ್ಲಿಗೆ ಬಂದು, ಈ ಹೆಂಗಸು ತನ್ನ ಕೆಲಸ ನಿಲ್ಲಿಸಿ ತನ್ನ ಮನೆಯನ್ನೇ ಉಜ್ಜುವ ಹಾಗೆ ಮಾಡಿತ್ತು. ಅಕ್ಕ ಲೋಟ ಕೆಳಗಿಟ್ಟು, "ಹೂಂ ಕಣಮ್ಮ, ರೇಷ್ಮೆ ಮನೆತನ. ಇವನು ಹುಟ್ತಾನೇ ಪೀತಾಂಬರ ಉಟ್ಕೊಂಡು ಹುಟ್ದೋನು" ಅಂದಳು. ಆಮೇಲೆ ಅವಳೇ ಮೆಲ್ಲಗೆ, "ನಮ್ಮನೇಲೂ ಹಾಕ್ತಿದ್ರಮ್ಮ ಸಾಂಬ್ರಾಣಿ, ನೆಂಟರು ಬರೋ ದಿನ" ಅಂದಳು.

ನಾಗವೇಣಿಯವರು ಅರ್ಥವಾಗದೆ ನೋಡಿದರು. "ರೇಷ್ಮೆ ಮನೆಗೆ ಎಂತ ವಾಸನೆ?"

ಅಕ್ಕ ನನ್ನ ಕಡೆ ತಿರುಗಿದಳು. ವಾಸನೆ ಹೇಳುವ ಕೆಲಸ ಮೊದಲಿಂದಲೂ ನನ್ನದಲ್ಲವೇ. ಬೇಡ ಅನ್ನೋ ಮಾತನ್ನು ಹೇಗೆ ಹೇಳಬೇಕು ಅಂತ ಬಸ್ಸಿನಲ್ಲಿ ಕೂತು ಜೋಡಿಸಿಕೊಂಡು ಬಂದಿದ್ದೆ. ಅದರಲ್ಲಿ ಒಂದು ಪದವೂ ಆಗ ಬಾಯಿಗೆ ಬರಲಿಲ್ಲ. "ಇದೇ ಕಣಮ್ಮ" ಅಂದೆ. "ಹೆಚ್ಚು ಕಮ್ಮಿ ಇದೇ ವಾಸನೆ. ನಮ್ಮಮ್ಮ ದಿನಾ ಹುಳ ಬೇಯಿಸ್ತಿದ್ರು. ಹಿತ್ತಲಲ್ಲಿ ಒಣಗಿಸ್ತಿದ್ವಿ, ನೀವು ಮೀನು ಹಾಕೋ ಹಾಗೇನೆ." ಚೈತ್ರ ನನ್ನನ್ನು ಹೊಸಬನನ್ನು ನೋಡುವ ಹಾಗೆ ನೋಡುತ್ತಿದ್ದಳು. "ಯಾವತ್ತೂ ಹೇಳ್ಲೇ ಇಲ್ವಲ್ಲಪ್ಪ ನೀನು" ಅಂದಳು. ಅವಳ ದನಿಯಲ್ಲಿ ಕೋಪವಿದ್ದಿದ್ದರೆ ಚೆನ್ನಾಗಿತ್ತು. ಕೋಪವಿರಲಿಲ್ಲ. ನಾನು ನಾಗವೇಣಿಯವರಿಗೆ ಹೇಳಿದೆ, "ಆ ಸಾಂಬ್ರಾಣಿ ಹೊರಗಿಟ್ಟುಬಿಡಿ ಅಮ್ಮ. ನಮಗೆ ಅದು ಬೇಡ."

ಆಕೆ ಸೆರಗಿನಿಂದ ಎರಡೂ ಕೈ ಹೊರಗೆ ತೆಗೆದು, ಧೂಪದ ಪಾತ್ರೆ ಎತ್ತಿಕೊಂಡು ಹೋಗಿ ಮರಳಿನಲ್ಲಿ ಇಟ್ಟು ಬಂದು, ಹಿಂದಿನ ಬಾಗಿಲೂ ತೆರೆದರು. ಕೊಲ್ಲಿಯ ಗಾಳಿ ಒಂದು ಸಲ ಮನೆಯ ಆಚೆಯಿಂದ ಈಚೆಗೆ ದಾಟಿತು. ಹೊಗೆ ಹೋಯಿತು. ಅದರ ಕೆಳಗೆ ಮಲಗಿದ್ದುದು ಎದ್ದು ಕೂತಿತು. ಉಪ್ಪು, ಎಣ್ಣೆ, ಬಿಸಿಲು ತಾಗಿದ ಮಾಂಸ. ಅಕ್ಕ ಕಣ್ಣು ಮುಚ್ಚಿಕೊಂಡಳು. ನನಗೆ ಚರಕದ ಗರಗರ ಕೇಳಿಸಿದ ಹಾಗಾಯಿತು. ಆಮೇಲೆ ಅವರು ನಮ್ಮ ಎದುರಿಗೆ ಕೂತರು, ಆ ದಿನ ಮೊದಲ ಸಲ. ಹೊರಡುವಾಗ ನಾನೇ ಕೇಳಿದೆ, "ನೀವು ಯಾವಾಗ ಬರ್ತೀರಿ ನಮ್ಮೂರಿಗೆ?" ನಮ್ಮಲ್ಲಿ ಹೆಣ್ಣಿನ ಕಡೆಯವರು ಹೀಗೆ ಕೇಳಿದರೆ ಅದಕ್ಕೆ ಒಂದೇ ಅರ್ಥ. ಅದು ಅವರಿಗೂ ತಿಳಿಯಿತು. "ಬರುವಾ" ಅಂದರು. "ಬಂದಾಗ ಆ ಹುಳ ಬೇಯಿಸಿದ ಮನೆ ತೋರಿಸ್ಬೇಕು ನೀವು."

ಆಗಲಿ ಅಂದುಬಿಟ್ಟೆ. ಏನು ತೋರಿಸಲಿ? ಆ ಮನೆಯನ್ನು ಕೊಂಡವರು ಕೆಡವಿ, ನೆಲ ಸಮ ಮಾಡಿ, ಈಗ ಅಲ್ಲಿ ಗಾಡಿ ನಿಲ್ಲಿಸುತ್ತಾರೆ. ಬೇಸಿನ್ನು ಇದ್ದ ಜಾಗದಲ್ಲಿ ಯಾರದೋ ಕಾರಿನ ಎಣ್ಣೆ ಸೋರಿ ಕಪ್ಪು ಕಲೆಯಾಗಿದೆ. ಬೀದಿಯಲ್ಲಿ ಚರಕದ ಸದ್ದಿಲ್ಲ, ನೆಂಟರು ಬರುವ ದಿನ ಬಸ್ಸಿನ ಕಡೆಗೆ ಓಡುವ ಮಕ್ಕಳಿಲ್ಲ. ನಾನು ಹೋಗಿ ಅಲ್ಲಿ ನಿಂತು ಮೂಸಿ ನೋಡಿದ್ದೇನೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಗೋಡೆ ಕೆಡವಿದ ಮಣ್ಣನ್ನು ಕೈಯಲ್ಲಿ ಹಿಡಿದು ಮೂಸಿದ್ದೇನೆ. ಬರೀ ಮಣ್ಣು.

ಆ ಸಂಜೆ ಬಸ್ಸಿಗೆ ಹೊತ್ತಿದೆ ಅಂತ ಅಕ್ಕನೂ ನಾನೂ ಕೊಲ್ಲಿಯ ಮರಳಿನ ಮೇಲೆ ಕೂತಿದ್ದೆವು. ಧಕ್ಕೆಗೆ ಬೋಟೊಂದು ಬರುತ್ತಿತ್ತು, ಅದರ ಹಿಂದೆ ಹಕ್ಕಿಗಳು. ನಾಗವೇಣಿಯವರು ಸೀರೆ ಬದಲಾಯಿಸಿಕೊಂಡು, ಬುಟ್ಟಿ ಹಿಡಿದು ಧಕ್ಕೆಯ ಕಡೆಗೆ ಹೋಗುತ್ತಿದ್ದರು. ನಮ್ಮನ್ನು ನೋಡಿ ಕೈ ಬೀಸಿದರು. "ಇದನ್ನ ನೋಡೋಕೆ ಅಮ್ಮ ಇರ್ಬೇಕಿತ್ತು ಕಣೋ" ಅಂದಳು ಅಕ್ಕ. ಸಾಂಬ್ರಾಣಿ ಆಚೆ ಇಡಿ, ನಮಗೆ ಬೇಡ ಅನ್ನೋ ಒಂದು ಮಾತು ನಮ್ಮಮ್ಮನಿಗೆ ಹೇಳೋದಕ್ಕೆ ಆ ಕಾಲದಲ್ಲಿ ಯಾರೂ ಬರಲಿಲ್ಲ ಅಂತ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಯಾರಾದರೂ ಬರಬೇಕಾಗಿತ್ತೇ? ನಾನು ಮನೆಯಲ್ಲೇ ಇದ್ದೆ. ಬಸ್ಸಿನ ಕಡೆಯಿಂದ ಓಡಿ ಬಂದು, ಬಾಗಿಲಲ್ಲಿ ನಿಂತು, ಇನ್ನೂ ಬರ್ತಿದೆ ಅಮ್ಮ, ಇನ್ನೂ ಬರ್ತಿದೆ ಅನ್ನುತ್ತಿದ್ದೆ.